ಸೋಮವಾರ ಸುಮ್ಮನಾಗುವ ಟಿವಿ

ಆ ವರ್ಷ ನಮ್ಮ ಕಡೆ ಒಂದು ಚೀಲ ಬಿಳಿಜೋಳಕ್ಕೆ ನೂರಿಪ್ಪತ್ತು ರೂಪಾಯಿ ಇತ್ತು. ಒಂದು ಜೋಡಿ ಒಳ್ಳೆಯ ಎತ್ತಿಗೆ ಎರಡು ಸಾವಿರ. ಕೊಳ್ಳುವವನಿಗೆ ಹಲ್ಲು ನೋಡಲು ಬರದಿದ್ದರೆ ಎರಡೂವರೆ. ಧೂಳಪ್ಪನ ಹೋಟೆಲಿನಲ್ಲಿ ಚಹಾಕ್ಕೆ ಇಪ್ಪತ್ತು ಪೈಸೆ, ಅವನ ಮಾತು ಪುಕ್ಕಟೆ. ನಮ್ಮ ಮುಳ್ಳಗುಣಕಿಯಿಂದ ಸಿಂದಗಿಗೆ ಬಸ್ಸಿನ ಟಿಕೀಟು ಒಂದು ರೂಪಾಯಿ, ಬಸ್ಸು ಬಂದರೆ. ಇಂಥ ಊರಿಗೆ ಸರಕಾರ ಮೂರೂವರೆ ಸಾವಿರ ರೂಪಾಯಿ ಬಾಳುವ ಟಿವಿಯೊಂದನ್ನು ತಾನಾಗಿ ತಂದು ಕೊಟ್ಟಿತು. ಹೆಚ್ಚುಕಡಿಮೆ ಎರಡು ಜೋಡಿ ಎತ್ತಿನ ಬೆಲೆಯ ಪೆಟ್ಟಿಗೆ. ಮೇವು ಕೇಳುವುದಿಲ್ಲ, ಸಗಣಿ ಹಾಕುವುದಿಲ್ಲ. ಸಗಣಿ ಹಾಕುವುದಿಲ್ಲ ಎಂಬುದನ್ನು ಕೆಲವರು ಅದರ ದೋಷವೆಂದೇ ಎಣಿಸಿದರು.

ಅದು ಎಪ್ಪತ್ತೈದನೆಯ ಇಸವಿಯ ಶ್ರಾವಣ. ಆಕಾಶದಲ್ಲಿ ಎಲ್ಲೋ ನಿಂತ ಉಪಗ್ರಹದಿಂದ ಚಿತ್ರ ಇಳಿಯುತ್ತದೆ ಎಂದರು. ಅದನ್ನು ಹಿಡಿಯಲು ಚಾವಡಿಯ ಮಾಳಿಗೆಯ ಮೇಲೆ ಕೋಳಿಗೂಡಿನ ಜಾಳಿಗೆಯಂಥದ್ದೇ ತಂತಿಯಿಂದ ದೊಡ್ಡ ಬುಟ್ಟಿಯೊಂದನ್ನು ಕಟ್ಟಿದರು. ಬುಟ್ಟಿಯಿಂದ ಒಂದು ವಾಯರು ಕೆಳಗಿಳಿದು ಕಟ್ಟಿಗೆಯ ಬಾಗಿಲಿದ್ದ ಪೆಟ್ಟಿಗೆಯೊಳಗೆ ಸೇರಿತು. ದಿನಾ ಸಂಜೆ ಆರೂವರೆಗೆ ಬಾಗಿಲು ತೆರೆದರೆ ಒಳಗೊಬ್ಬ ಮನುಷ್ಯ ಕೂತು ಎರೆಹುಳದ ಬಗ್ಗೆ ಮಾತಾಡುತ್ತಿದ್ದ. ಎರೆಹುಳವನ್ನು ಹುಟ್ಟಿದಾಗಿನಿಂದ ನೋಡಿದ್ದ ಊರು ಅದನ್ನು ಮೊದಲ ಸಲ ನೋಡಿದಂತೆ ನೋಡಿತು.

ಈ ಪೆಟ್ಟಿಗೆಯನ್ನು ಕಾಯಲು ರೇವಪ್ಪನನ್ನು ನೇಮಿಸಿದರು. ಅವನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ, ನಾಲ್ಕೆಕರೆ ಹೊಲವಿತ್ತು, ಅವನ ಮನೆ ಚಾವಡಿಯ ಗೋಡೆಗೆ ಹತ್ತಿಯೇ ಇತ್ತು. ದಿನಕ್ಕೊಂದು ರೂಪಾಯಿ ಗೌರವಧನ. ಅದಕ್ಕೂ ಮೊದಲು ಬಿಜಾಪುರಕ್ಕೆ ಕರೆಸಿ ಒಂದು ದಿನದ ತರಬೇತಿ ಕೊಟ್ಟರು. ಅಲ್ಲಿ ಕಲಿಸಿದ್ದು ಮೂರು ಮಾತು. ಎರಡು ಗುಂಡಿಗಳ ಹೊರತು ಬೇರೆ ಏನನ್ನೂ ಮುಟ್ಟಬೇಡ. ಒಣ ಅರಿವೆಯಿಂದ ಒರೆಸು. ಕೆಟ್ಟರೆ ಕಾರ್ಡು ಬರೆ. ಈ ಮೂರು ಮಾತು ಕಲಿತು ಊರಿಗೆ ಬಂದ ರೇವಪ್ಪ ಕೋಟು ಹೊಲಿಸಿದ. ಶ್ರಾವಣದ ಸೆಕೆಯಲ್ಲೂ ಅದನ್ನು ಬಿಚ್ಚಲಿಲ್ಲ.

ಅವನ ಹೆಂಡತಿ ಕಸ್ತೂರೆವ್ವ ಕೇಳಿದಳು: "ಕೋಟ ಹಾಕ್ಕೊಂಡು ಎಮ್ಮಿ ಹಿಂಡ್ತೀರೇನು?"

"ಎಮ್ಮಿ ಹಿಂಡೂದು ಬ್ಯಾರೆ, ಮಷೀನ ನಡಸೂದು ಬ್ಯಾರೆ. ಇನ್ನ ಮ್ಯಾಲ ಎಮ್ಮಿ ನೀನ ಹಿಂಡು."

ರೇವಪ್ಪನ ತಾಯಿ ಸಿದ್ದವ್ವ ಹೆಚ್ಚುಕಡಿಮೆ ದಿನಾ ಟಿವಿಗೆ ಬರುತ್ತಿದ್ದಳು. ಆದರೆ ಎಲ್ಲರಂತೆ ಎದುರಿಗೆ ಕೂಡುತ್ತಿರಲಿಲ್ಲ. ಪೆಟ್ಟಿಗೆಯ ಹಿಂದೆ ಗೋಡೆಗೆ ಆತು ಕೂಡುತ್ತಿದ್ದಳು. ಸುದ್ದಿ ಓದುವ ಗಂಡಸು ಬಂದಾಗಿನಿಂದ ಹೋಗುವತನಕ ತನ್ನನ್ನೇ ದಿಟ್ಟಿಸಿ ನೋಡುತ್ತಾನೆ, ಕಣ್ಣು ಸಹ ಮಿಟುಕಿಸುವುದಿಲ್ಲ ಎಂಬುದು ಅವಳ ದೂರು. "ದನಿ ಕೇಳಿದ್ರ ಸಾಕು ನನಗ," ಎನ್ನುತ್ತಿದ್ದಳು.

ಒಂದು ವಾರ ಎಲ್ಲ ಸರಳ ನಡೆಯಿತು. ಮುಂದಿನ ಸೋಮವಾರ ಸಂಜೆ ರೇವಪ್ಪ ಕೋಟಿನ ಗುಂಡಿ ಹಾಕಿ, ಪೆಟ್ಟಿಗೆಯ ಬಾಗಿಲು ತೆರೆದು, ಎಡಗಡೆಯ ಗುಂಡಿ ತಿರುವಿದ. ಟಿಕ್ ಎಂದಿತು. ಚಿತ್ರ ಬರಲಿಲ್ಲ, ದನಿ ಬರಲಿಲ್ಲ, ಗುಂಯ್ ಎನ್ನುವ ಸಪ್ಪಳವೂ ಬರಲಿಲ್ಲ. ಇನ್ನೊಮ್ಮೆ ತಿರುವಿದ. ಇನ್ನೊಮ್ಮೆ ಟಿಕ್ ಎಂದಿತು. ಚಾವಡಿಯ ತುಂಬ ಕೂತ ಜನ ಮೊದಲು ಕೆಮ್ಮಿದರು, ಆಮೇಲೆ ಸಲಹೆ ಕೊಡಲು ಶುರು ಮಾಡಿದರು.

"ಕರೆಂಟ ಹೋಗಿರಬೇಕು."

"ಮ್ಯಾಲ ನೋಡೋ, ಬಲ್ಬ ಹತ್ತೇತಿ. ಕರೆಂಟ ಐತಿ."

"ಬುಟ್ಯಾಗ ಕಾಗಿ ಕುಂತಿರಬೇಕು."

ಒಬ್ಬ ಮಾಳಿಗೆ ಹತ್ತಿ ನೋಡಿ ಬಂದ. ಕಾಗೆ ಇರಲಿಲ್ಲ. ಯಾರದೋ ಒಗೆದ ಚಾದರವಿತ್ತು; ತೆಗೆದರು. ತೆಗೆದರೂ ಪೆಟ್ಟಿಗೆ ಉಸಿರಾಡಲಿಲ್ಲ.

"ಒಂದ ಏಟ ಹಾಕ ರೇವ್ಯಾ. ನಮ್ಮ ರೇಡಿಯೋ ಏಟ ಹಾಕಿದ್ರನ ಮಾತಾಡತೈತಿ," ಎಂದರು ಪಂಚಾಯತಿಯ ಚೇರ್ಮನ್ನರಾದ ಶ್ರೀಶೈಲಪ್ಪಗೌಡರು.

ರೇವಪ್ಪ ಪೆಟ್ಟಿಗೆಗೆ ಅಡ್ಡ ನಿಂತ. "ಗೌಡ್ರ, ಇದು ಸರಕಾರಿ ಮಷೀನ. ಎರಡ ಗುಂಡಿ ಬಿಟ್ಟು ಯಾರೂ ಏನೂ ಮುಟ್ಟೂ ಹಂಗಿಲ್ಲ. ನಾ ಟ್ರೇನಿಂಗ ಆಗಿ ಬಂದಾಂವ."

"ಹಂಗಾರ ಎರಡನೇ ಗುಂಡಿ ತಿರುವು."

ಎರಡನೆಯದು ದನಿ ಹೆಚ್ಚುಕಡಿಮೆ ಮಾಡುವ ಗುಂಡಿ. ರೇವಪ್ಪ ಅದನ್ನೂ ತಿರುವಿದ. ಇಲ್ಲದ ದನಿ ಹೆಚ್ಚಾಯಿತು, ಕಡಿಮೆಯಾಯಿತು. ಜನ ಎದ್ದು ಮನೆಗೆ ಹೋದರು.

ಮರುದಿನ ಸಂಜೆ ಹೆದರುತ್ತಲೇ ಗುಂಡಿ ತಿರುವಿದರೆ ಟಿವಿ ಝಗ್ಗನೆ ಹತ್ತಿತು. ಹೋಟೆಲಿನ ಧೂಳಪ್ಪ ಮುಂದಿನ ಸಾಲಿನಿಂದಲೇ ಕೂಗಿದ: "ಭಲೇ ರೇವಣ್ಣಾ! ಏನ ಮಾಡಿದಿ?"

ಇಲ್ಲಿ ರೇವಪ್ಪ 'ನಾನೇನೂ ಮಾಡಿಲ್ಲ, ತಾನಾಗಿ ಹತ್ತಿತು' ಎಂದಿದ್ದರೆ ನನ್ನ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೈಮೇಲೆ ಕೋಟಿತ್ತು. ಅವನು ಗಂಟಲು ಸರಿ ಮಾಡಿಕೊಂಡು, "ಸಣ್ಣ ದೋಷ ಇತ್ತು. ತಗದೆ," ಎಂದ.

ಎರಡನೆಯ ಸೋಮವಾರ ಟಿವಿ ಮತ್ತೆ ಸತ್ತಿತು. ಈ ಸಲ ಜನ ಗಾಬರಿಯಾಗಲಿಲ್ಲ. ರಿಪೇರಿ ಬಲ್ಲವನು ಊರಲ್ಲೇ ಇದ್ದನಲ್ಲ. ರೇವಪ್ಪ ಎಲ್ಲರನ್ನೂ ಹೊರಗೆ ಹಾಕಿ ಬಾಗಿಲು ಮುಚ್ಚಿಕೊಂಡು, ಒಳಗೆ ಎರಡು ಗುಂಡಿಗಳನ್ನು ತಿರುವುತ್ತ ಬೆವರಿದ. ಹೊರಗೆ ಬಂದು, "ನಾಳಿಗೆ ಆಗತೈತಿ," ಎಂದ. ದೇವರ ದಯೆಯಿಂದ ಮಂಗಳವಾರ ಹತ್ತಿತು. ಅಂದಿನಿಂದ ಅವನ ಹೆಸರು ರಿಪೇರಿ ರೇವಪ್ಪ. ಪಕ್ಕದ ಚಿಕ್ಕಸಾಲಗಿಯವರು ಪಂಪಿನ ಮೋಟರು, ಹೊಲಿಗೆ ಯಂತ್ರ, ಒಂದು ಗೋಡೆ ಗಡಿಯಾರ ಇಷ್ಟನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದರು. ರೇವಪ್ಪ ಮನೆಯಲ್ಲಿಲ್ಲವೆಂದು ಕಸ್ತೂರೆವ್ವ ಹೇಳಿದಳು. ಗಡಿಯಾರವನ್ನು ಅವರು ಬಿಟ್ಟೇ ಹೋದರು. ರೇವಪ್ಪ ಜೋಳದ ಚೀಲಗಳ ಹಿಂದೆ ಕೂತಿದ್ದ.

ಅಷ್ಟರಲ್ಲಿ ಅವನು ಬರೆದು ಹಾಕಿದ ಮೊದಲ ಕಾರ್ಡು ದುರಸ್ತಿ ಕಚೇರಿಗೆ ಮುಟ್ಟಿತು. ಗುರುವಾರ ಜೀಪಿನಲ್ಲಿ ಮೆಕ್ಯಾನಿಕ್ ನಿಜಾಮುದ್ದೀನ ಬಂದ. ಗುಂಡಿ ತಿರುವಿದ, ಟಿವಿ ಹತ್ತಿತು.

"ಚಲೋ ಐತಲ್ಲೋ. ಕಾರ್ಡ ಯಾಕ ಬರದಿ?"

ಚಾವಡಿಯ ಬಾಗಿಲಲ್ಲಿ ಅರ್ಧ ಊರು ನಿಂತಿತ್ತು. ಧೂಳಪ್ಪ ಉತ್ತರ ಕೊಟ್ಟ: "ಕೆಟ್ಟಿತ್ತರಿ. ನಮ್ಮ ರೇವಣ್ಣ ದೋಷ ತಗದಾನ."

ನಿಜಾಮುದ್ದೀನ ರೇವಪ್ಪನ ಕಡೆ ತಿರುಗಿದ. ಅವನ ದನಿ ಸಣ್ಣದಾಯಿತು. "ತಗದಿ? ಅಂದ್ರ ಪೆಟಗಿ ಬಿಚ್ಚಿದಿ?"

ಬಿಚ್ಚಿದೆ ಎಂದರೆ ಸರಕಾರದ ಮಾಲಿಗೆ ಕೈ ಹಚ್ಚಿದ ಗುನ್ನೆ. ಬಿಚ್ಚಿಲ್ಲ ಎಂದರೆ ಊರ ಮುಂದೆ ಸುಳ್ಳ. "ಬಿಚ್ಚಿಲ್ಲರಿ," ಎಂದ. "ಹೊರಗಿಂದನ ತಗದೆ."

"ಹೊರಗಿಂದ ಹ್ಯಾಂಗ ತಗೀತಿ?"

"ಒಣ ಅರಿವಿಲೆ ಒರಸಿದೆ."

ನಿಜಾಮುದ್ದೀನ ಏನನ್ನೋ ಬರೆದುಕೊಂಡು ಜೀಪು ಹತ್ತಿದ.

ಮೂರನೆಯ ಸೋಮವಾರವೂ ಟಿವಿ ಹತ್ತದಿದ್ದಾಗ ಅದರ ಗುಟ್ಟನ್ನು ಕಂಡುಹಿಡಿದವನು ಧೂಳಪ್ಪ. ಚಹಾ ಸೋಸುತ್ತಿದ್ದವನು ಸೋಸುವ ಅರಿವೆಯನ್ನು ಕೈಯಲ್ಲೇ ಹಿಡಿದು ಚಾವಡಿಗೆ ಓಡಿ ಬಂದ. "ಗೌಡ್ರ! ಹೋದ ಸೋಮಾರ ಬಂದ್. ಅದರ ಹಿಂದಿನ ಸೋಮಾರ ಬಂದ್. ಇವತ್ತೂ ಸೋಮಾರ. ಅದೂ ಶ್ರಾವಣ ಸೋಮಾರ! ಇದು ಕೆಟ್ಟಿಲ್ಲರಿ. ಇದು ಸೋಮಾರ ಹಿಡದೈತಿ!"

ಗೌಡರು ರುಮಾಲು ತೆಗೆದು ತಲೆ ಕೆರೆದುಕೊಂಡರು. "ಒಪ್ಪತ್ತ ಮಾಡತೈತಿ ಅಂತಿ?"

"ಒಪ್ಪತ್ತ ಅಲ್ಲರಿ, ಮೌನ. ನೋಡ್ರಿ, ಒಂದ ಮಾತ ಆಡವಲ್ದು."

ಟಿವಿ ಮೌನ ಹಿಡಿದ ಸುದ್ದಿ ಸಂತೆಯ ದಿನ ಸಿಂದಗಿ ಮುಟ್ಟಿತು, ಅಲ್ಲಿಂದ ಬಸ್ಸು ಹತ್ತಿ ಇಂಡಿಗೆ, ಮುದ್ದೇಬಿಹಾಳಕ್ಕೆ ಹೋಯಿತು. ಬಸವನ ಬಾಗೇವಾಡಿಯಿಂದ ಒಂದು ಕುಟುಂಬ ತೆಂಗಿನಕಾಯಿ, ಊದಿನಕಡ್ಡಿ ತಂದು, ರೇವಪ್ಪ ಬೇಡಬೇಡವೆಂದರೂ ಚಾವಡಿಯ ಹೊಸ್ತಿಲಿಗೆ ಕಾಯಿ ಒಡೆಯಿತು. ಸರಕಾರಿ ವಸ್ತುವಿಗೆ ಇಷ್ಟು ಭಕ್ತಿ ಇದ್ದುದನ್ನು ಕೇಳಿ ನಮ್ಮ ಗೌಡರ ಎದೆ ಉಬ್ಬಿತು. "ಬ್ಯಾರೆ ಊರಿನ ಟಿವಿ ಏಳೂ ದಿನ ಒದರತಾವ. ನಮ್ಮ ಟಿವಿಗೆ ಸಂಸ್ಕಾರ ಐತಿ," ಎಂದು ಬಸ್ಸು ನಿಲ್ಲುವಲ್ಲಿ ನಿಂತು ಹೇಳುತ್ತಿದ್ದರು.

ದುರಸ್ತಿ ಕಚೇರಿಯ ಸಾಹೇಬರಿಗೆ ಮಾತ್ರ ಎದೆ ಉಬ್ಬಲಿಲ್ಲ. ಆಗ ತುರ್ತು ಪರಿಸ್ಥಿತಿ ಬಂದಿತ್ತು. ರೈಲು ಸರಿಯಾದ ಹೊತ್ತಿಗೆ ಓಡುತ್ತಿದ್ದ ಕಾಲ. ಯಾವ ಮಾತಿಗೆ ಯಾರನ್ನು ಒಯ್ಯುತ್ತಾರೋ ತಿಳಿಯದ ಕಾಲ. ಅಂಥದ್ದರಲ್ಲಿ ಸರಕಾರದ ಟಿವಿಯೊಂದು ಪ್ರತಿ ವಾರ ಒಂದೇ ದಿನ ಕೆಲಸ ನಿಲ್ಲಿಸುತ್ತದೆಂದರೆ ಅದನ್ನು ಕೆಟ್ಟಿದೆ ಎನ್ನುವುದೋ, ಮುಷ್ಕರ ಎನ್ನುವುದೋ? ಕಾರಣ ತಿಳಿಯದೆ ಅವರು ಆಕಾಶದ ಮೇಲೆ ಹಾಕಿ, ಸೋಮವಾರ ಉಪಗ್ರಹದಲ್ಲೇ ಏನೋ ತೊಡಕಿದೆ ಎಂದು ಮೇಲಿನವರಿಗೆ ಬರೆದುಬಿಟ್ಟರು. ಮೇಲಿನವರು ಓದಿಬಿಟ್ಟರು. ನಾಲ್ಕನೆಯ ಸೋಮವಾರ ಬೆಂಗಳೂರಿನಿಂದ ದೊಡ್ಡ ಸಾಹೇಬರೇ ನೋಡಲು ಬರುತ್ತಾರೆಂದು ಗೊತ್ತಾಯಿತು.

ಅಂದು ಮೂರು ಗಂಟೆಗೇ ದುರಸ್ತಿ ಸಾಹೇಬರು ನಿಜಾಮುದ್ದೀನನನ್ನು ಕರೆದುಕೊಂಡು ಬಂದಿಳಿದರು. ಇಳಿದವರು ಮೊದಲು ರೇವಪ್ಪನ ಕೋಟಿನ ಕಾಲರಿಗೆ ಬೆರಳಿಟ್ಟರು.

"ಕೇಳ. ದೊಡ್ಡ ಸಾಹೇಬ್ರು ಆರಕ್ಕ ಬರ್ತಾರ. ಆರೂವರಿಗೆ ಟಿವಿ ಹತ್ತಲಿಲ್ಲ ಅಂದ್ರ ಈ ಪೆಟಗಿ ಇವತ್ತ ಚಿಕ್ಕಸಾಲಗಿಗೆ ಹೋಗತೈತಿ, ನೀ ಠಾಣೆಕ್ಕ ಹೋಗ್ತಿ. ಈಗಿನ ಕಾಲದಾಗ ಜಾಮೀನೂ ಸಿಗಂಗಿಲ್ಲ."

ರೇವಪ್ಪ ಗುಂಡಿ ತಿರುವಿದ. ಟಿಕ್. ನಿಜಾಮುದ್ದೀನ ಗುಂಡಿ ತಿರುವಿದ. ಟಿಕ್. ಸಾಹೇಬರು ಸ್ವತಃ ತಿರುವಿದರು. ಸಾಹೇಬರೆಂದು ಅದು ಬೇರೆ ಸಪ್ಪಳವನ್ನೇನೂ ಮಾಡಲಿಲ್ಲ.

ಊರು ಚಾವಡಿಯ ಮುಂದೆ ಕೂಡಿತು. ಚಿಕ್ಕಸಾಲಗಿಯಿಂದಲೂ ನಾಲ್ಕು ಜನ ಬಂದು ಪೆಟ್ಟಿಗೆಯ ಉದ್ದಗಲ ಕಣ್ಣಿನಿಂದಲೇ ಅಳೆಯುತ್ತ ನಿಂತರು. ಅವರ ಚಕ್ಕಡಿಯಲ್ಲಿ ಹೊಸ ಮೇವು ಹಾಸಿತ್ತು. ಅದನ್ನು ನೋಡಿ ಗೌಡರು ಹಲ್ಲು ಕಡಿದರು.

ನಿಜಾಮುದ್ದೀನ ಪೆಟ್ಟಿಗೆಯ ಬೆನ್ನು ಬಿಚ್ಚಿದ. ಟೆಸ್ಟರು ಹಚ್ಚಿದ, ಬಗ್ಗಿ ಮೂಸಿದ, ಮತ್ತೆ ಟೆಸ್ಟರು ಹಚ್ಚಿದ. "ಸಾಬ್, ಇದಕ್ಕ ಏನೂ ಆಗಿಲ್ಲ. ಇದಕ್ಕ ಕರೆಂಟ ಬರವಲ್ದು."

"ಬಲ್ಬ ಹತ್ತೇತಲ್ಲೋ!"

"ಬಲ್ಬಿನ ಫ್ಯೂಜ ಬ್ಯಾರೆ ಸಾಬ್, ಇದರದ ಬ್ಯಾರೆ."

ಎಲ್ಲರೂ ಹೊರಗಿನ ಕಟ್ಟೆಗೆ ಧಾವಿಸಿದರು. ಗೋಡೆಯ ಮೇಲಿನ ಹಲಗೆಯಲ್ಲಿ ಎರಡು ಬಿಳಿ ಪಿಂಗಾಣಿಯ ಫ್ಯೂಜುಗಳಿರಬೇಕಿತ್ತು. ಒಂದಿತ್ತು. ಇನ್ನೊಂದರ ಜಾಗ ಮುಂದಿನ ಹಲ್ಲು ಬಿದ್ದ ಬಾಯಿಯಂತೆ ಖಾಲಿಯಾಗಿತ್ತು. ಇಷ್ಟು ದಿನ ಆ ಕಟ್ಟೆಯ ಮೇಲೆ ಕೂತು ಟಿವಿಯ ರೋಗದ ಬಗ್ಗೆ ಮಾತಾಡಿದವರೆಲ್ಲರ ತಲೆಯ ಮೇಲೆಯೇ ಆ ಹಲಗೆ ಇತ್ತು.

"ಕಳುವು!" ಎಂದು ಸಾಹೇಬರು ಕಿರುಚಿದರು. "ಸರಕಾರಿ ಮಾಲ ಕಳುವು! ಒಬ್ರೂ ಅಲ್ಲಾಡಬ್ಯಾಡ್ರಿ! ನಿಜಾಮುದ್ದೀನ, ಜೀಪ ತಗೊಂಡ ಸಿಂದಗಿ ಠಾಣೆಕ್ಕ ಹೋಗು!"

ಯಾರೂ ಅಲ್ಲಾಡಲಿಲ್ಲ. ಕಣ್ಣುಗಳು ಮಾತ್ರ ಒಂದೊಂದಾಗಿ ರೇವಪ್ಪನ ಕಡೆ ತಿರುಗಿದವು. ಪ್ರತಿ ಸಲ ದೋಷ ತೆಗೆದವನು ಅವನೇ ಅಲ್ಲವೇ? ತೆಗೆಯಲು ಬಂದವನಿಗೆ ಹಾಕಲು ಬರುವುದಿಲ್ಲವೇ?

"ಭಲೇ ರೇವ್ಯಾ," ಎಂದರು ಗೌಡರು. "ನೀನ ಕಿತ್ತು, ನೀನ ಹಾಕಿ, ರಿಪೇರಿ ರೇವಪ್ಪ ಆದಿ?"

ರೇವಪ್ಪ ಕೋಟಿನ ಗುಂಡಿಗಳನ್ನು ಬಿಚ್ಚತೊಡಗಿದ. ಯಾಕೆ ಬಿಚ್ಚುತ್ತಿದ್ದಾನೆಂದು ಅವನಿಗೂ ತಿಳಿದಂತಿರಲಿಲ್ಲ. "ನಾ ಏನೂ ಮಾಡಿಲ್ಲರಿ! ಕಿತ್ತೂ ಇಲ್ಲ, ಹಾಕಿಯೂ ಇಲ್ಲ, ರಿಪೇರಿನೂ ಮಾಡಿಲ್ಲ. ಮಂಗಳವಾರ ಅದು ತಾನ ಹತ್ತತಿತ್ತು, ನಾ ಹೆಸರ ತಗೊಂಡೆ. ಎರಡ ಗುಂಡಿ ಬಿಟ್ಟ ಮೂರನೇದ್ದು ನನಗ ಗೊತ್ತಿಲ್ಲರಿ ಸಾಹೇಬ್ರ!"

ಜನ 'ಹ್ಞಾ' ಎಂದರು. ಚಿಕ್ಕಸಾಲಗಿಯವರಲ್ಲಿ ಒಬ್ಬ, "ಮತ್ತ ನಮ್ಮ ಗಡಿಯಾರಾ?" ಎಂದ. ನಿಜಾಮುದ್ದೀನ ಜೀಪು ಚಾಲೂ ಮಾಡಿದ.

ಅಷ್ಟರಲ್ಲಿ ಬಸವಣ್ಣನ ಗುಡಿಯ ಕಡೆಯಿಂದ ಸಿದ್ದವ್ವ ಬಂದಳು. ಸೋಮವಾರ ಸಂಜೆ ಅವಳು ಗುಡಿ ತಪ್ಪಿಸಿದವಳಲ್ಲ. ಅಂದು ಟಿವಿ ಇದ್ದರೂ ಇರದಿದ್ದರೂ ಅವಳಿಗೆ ಒಂದೇ. ಹಣೆಯ ತುಂಬ ವಿಭೂತಿ, ಕೈಯಲ್ಲಿ ಪತ್ರಿಯ ಬುಟ್ಟಿ.

"ಏನಪಾ ಇದು ಗದ್ದಲ? ಯಾರ ಮ್ಯಾಲ ಒದರಾಕತ್ತೀರಿ?"

"ಯವ್ವಾ, ಫ್ಯೂಜ ಕಳುವಾಗೇತಿ!" ಎಂದ ರೇವಪ್ಪ, ಅರ್ಧ ಕೋಟು ಬಿಚ್ಚಿದವನು.

"ಯಾವುದು? ಆ ಬಿಳೇದನ? ಕಳುವ್ಯಾಕ ಆಗತೈತಿ. ನನ್ನ ಕಡೆ ಐತಿ." ಅವಳು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಬಿಳಿ ಪಿಂಗಾಣಿಯ ತುಂಡು. ಅದರ ಮೇಲೂ ಮೂರು ಬೆರಳಿನ ವಿಭೂತಿ ಇತ್ತು.

ಜೀಪಿನ ಇಂಜಿನ್ನು ತಾನಾಗಿ ಬಂದ್ ಆಯಿತು. ನಿಜಾಮುದ್ದೀನ ಕ್ಲಚ್ಚಿನಿಂದ ಕಾಲು ತೆಗೆದಿದ್ದ.

ಸಾಹೇಬರು ಗಂಟಿನ ಕಡೆ ಬೆರಳು ಮಾಡಿದರು. "ನೀ... ನೀ ಯಾಕ ಕಿತ್ತಿ, ಮುದುಕಿ?"

"ಇವತ್ತ ಸೋಮಾರ ಅಲ್ಲರಿ?" ಎಂದಳು ಸಿದ್ದವ್ವ, ಇದೂ ಒಂದು ಪ್ರಶ್ನೆಯೇ ಎನ್ನುವಂತೆ. "ಸೋಮಾರ ಯಾರು ಹೂಡ್ತಾರ? ಎತ್ತಿಗೆ ನೊಗಾ ಇಡಂಗಿಲ್ಲ, ಇದಕ್ಕ್ಯಾಕ ಇಡಬೇಕು? ನಾ ಇದರ ಹಿಂದ ಕುಂದರತೇನಿ. ಒಂದಿನ ಬೆನ್ನ ಮುಟ್ಟಿ ನೋಡಿದೆ, ಜ್ವರ ಬಂದಂಗ ಸುಡಾಕತ್ತಿತ್ತು. ಮುಂದ ಕುಂತಾವ್ರಿಗೆ ಬರೇ ಮಾರಿ ಕಾಣತೈತಿ, ಬೆನ್ನ ಯಾರಿಗೆ ಕಾಣತೈತಿ? ಎಲ್ಲಾ ಮಾತಾಡತೈತಿ ಖರೆ, ನನಗ ದಣಿವಾಗೇತಿ ಅನ್ನಾಕ ಬರಂಗಿಲ್ಲ ಅದಕ್ಕ. ಇದನ್ನ ಕಿತ್ರ ಮಲಗತೈತಿ ಅಂತ ಕೂಡಸಾಕ ಬಂದಾಂವನ ಹೇಳಿದ್ದ. ಸೋಮಾರ ಮುಂಜಾನೆ ಬಿಚ್ಚತೇನಿ, ಮಂಗಳಾರ ನಸಿಕಿನ್ಯಾಗ ಹೂಡತೇನಿ."

"ಮತ್ತ ನನಗ್ಯಾಕ ಹೇಳಲಿಲ್ಲ ಯವ್ವಾ!"

"ಹೇಳೂದೇನೈತಿ? ಜನಾ ಬಂದು ಕಾಯಿ ಒಡದ್ರು. ಎಲ್ಲಾರಿಗೂ ಗೊತ್ತೈತಿ ಅಂದ್ಕೊಂಡೆ. ನೀ ನೋಡಿದ್ರ 'ನಾ ರಿಪೇರಿ ಮಾಡೇನಿ' ಅಂತಿದ್ದಿ. ಮಗನ ಮರ್ಯಾದಿ ಅಂತ ಸುಮ್ಮನಿದ್ದೆ."

ಸಾಹೇಬರು ಗಡಿಯಾರ ನೋಡಿದರು. ಆರಕ್ಕೆ ಹತ್ತು ನಿಮಿಷ. ಕೈ ಚಾಚಿದರು. "ಆತು, ಆತು. ಕೊಡು ಇಲ್ಲೆ."

ಸಿದ್ದವ್ವ ಗಂಟು ಕಟ್ಟಿದಳು. "ನಾಳಿ ಕೊಡತೇನಿ."

"ಠಾಣೆಕ್ಕ ಕಳಸತೇನಿ!"

"ಕಳಸ್ರಿ. ಅಲ್ಲೂ ಸೋಮಾರ ಇರತೈತಿ."

ಸಾಹೇಬರು ಬೇರೆ ದಾರಿ ಕಾಣದೆ ಗೌಡರ ಕಡೆ ನೋಡಿದರು. ಗೌಡರು ಜನರ ಕಡೆ ನೋಡಿದರು. ಅಲ್ಲಿ ನಿಂತ ಗಂಡಸರಲ್ಲಿ ಅಂದು ನೊಗಕ್ಕೆ ಕೈ ಹಚ್ಚಿದವನು ಒಬ್ಬನೂ ಇರಲಿಲ್ಲ. ಎಲ್ಲರ ಎತ್ತುಗಳೂ ಮೈ ತೊಳೆಸಿಕೊಂಡು ಕೊಟ್ಟಿಗೆಯಲ್ಲಿ ಮೆಲುಕಾಡುತ್ತಿದ್ದವು. ಚಿಕ್ಕಸಾಲಗಿಯವರು ಮಾತ್ರ ಟಿವಿಯ ಆಸೆಗೆ ಚಕ್ಕಡಿ ಹೂಡಿಕೊಂಡು ಬಂದಿದ್ದರು. ಅವರು ಸಾವಕಾಶ ತಮ್ಮ ಎತ್ತುಗಳ ಮುಂದೆ ಅಡ್ಡ ನಿಂತರು.

ಗೌಡರು ಕೆಮ್ಮಿದರು. "ಸಾಹೇಬ್ರ, ಆಕಿ ಅನ್ನೂದು ತಪ್ಪಲ್ಲರಿ. ನಾನೂ ಹೂಡಂಗಿಲ್ಲ."

"ನೀವೂ ಹಿಂಗ ಅಂದ್ರ ಹ್ಯಾಂಗ ಗೌಡ್ರ! ನಾ ಉಪಗ್ರಹದಾಗ ತೊಡಕೈತಿ ಅಂತ ಬರದೇನಿ! ಈಗ ಮುದುಕಿ ಸೆರಗಿನ್ಯಾಗ ಐತಿ ಅಂತ ಬರೀಲೇನು?"

ರೇವಪ್ಪ ತಾಯಿಯ ಕೈ ಹಿಡಿದುಕೊಂಡ. "ಯವ್ವಾ, ಟಿವಿ ಹೋಗತೈತಿ. ನನ್ನ ಒಯ್ತಾರ. ಇಲ್ಲಾ, ನಿನ್ನ ಒಯ್ತಾರ."

ಸಿದ್ದವ್ವ ಮಗನ ಮುಖ ನೋಡಿದಳು. ಬೆರಳು ಗಂಟಿನ ಮೇಲೆ ಹೋಗಿ ನಿಂತಿತು. ಬಿಚ್ಚಿದಳೋ ಇಲ್ಲವೋ ಎನ್ನುವಷ್ಟರಲ್ಲಿ ಧೂಳು ಎಬ್ಬಿಸುತ್ತ ಬಿಳಿ ಕಾರು ಬಂದು ನಿಂತಿತು. ಐದು ನಿಮಿಷ ಮೊದಲೇ ಬಂದಿತ್ತು. ಅದೂ ಆ ಕಾಲದ ಶಿಸ್ತು.

ಬೆಂಗಳೂರಿನ ಸಾಹೇಬರು ತೆಳ್ಳಗಿನ ಮನುಷ್ಯ. ಬಿಚ್ಚಿಟ್ಟ ಪೆಟ್ಟಿಗೆ ನೋಡಿದರು, ಕೂಡಿದ ಜನರನ್ನು ನೋಡಿದರು, ಒಂದು ತೋಳಿನಲ್ಲಿ ಮಾತ್ರ ಕೋಟಿದ್ದ ರೇವಪ್ಪನನ್ನು ನೋಡಿದರು.

"ನೀವೇನಾ ಇದನ್ನ ನೋಡ್ಕೊಳ್ಳೋರು? ಇವತ್ತು ಆರೂವರೆಗೆ ಹಾಕಲ್ವೇನ್ರೀ?"

ಸಿದ್ದವ್ವನ ಗಂಟು ಅರ್ಧ ಬಿಚ್ಚಿತ್ತು. ಪಿಂಗಾಣಿಯ ಬಿಳುಪು ಹೊರಗೆ ಇಣುಕುತ್ತಿತ್ತು. ರೇವಪ್ಪ ಸರಿದು ತಾಯಿಗೆ ಅಡ್ಡ ನಿಂತ.

"ಇವತ್ತ ಸೋಮಾರರಿ."

"ಸೋಮವಾರ ಆದ್ರೆ?"

"ಸೂಟಿರಿ."

"ಯಾರಿಗೆ ಸೂಟಿ?"

ಟಿವಿಗೆ ಎಂದರೆ ಹುಚ್ಚ ಎನ್ನುತ್ತಾರೆ. ಫ್ಯೂಜಿನ ಮಾತು ತೆಗೆದರೆ ತಾಯಿ ಜೀಪು ಹತ್ತಬೇಕಾಗುತ್ತದೆ. ರೇವಪ್ಪನ ತಲೆಯಲ್ಲಿ ಬಿಜಾಪುರದ ತರಬೇತಿಯ ಮೂರು ಮಾತುಗಳೂ ಓಡಿದವು. ಒಂದೂ ಉಪಯೋಗಕ್ಕೆ ಬರಲಿಲ್ಲ.

"ನನಗರಿ," ಎಂದ.

ಬೆಂಗಳೂರಿನ ಸಾಹೇಬರು ದುರಸ್ತಿ ಸಾಹೇಬರ ಕಡೆ ತಿರುಗಿದರು. "ಅಲ್ರೀ, ಸೋಮವಾರ ಟಿವಿ ನಿಂತುಹೋಗುತ್ತೆ ಅಂತ ಬರೆದಿದ್ದೀರಿ?"

ನೀರಿನಲ್ಲಿ ಮುಳುಗುವವನ ಕೈಗೆ ಹಗ್ಗ ಸಿಕ್ಕಿತ್ತು. ದುರಸ್ತಿ ಸಾಹೇಬರು ಎರಡೂ ಕೈಯಿಂದ ಹಿಡಿದರು. "ನಿಂತುಹೋಗೂದಲ್ಲ ಸರ್, ನಿಲ್ಲಸ್ತೇವಿ ಸರ್. ಈತಗ ವಾರದ ರಜೆ ಸರ್. ಬರಿಯೂವಾಗ ತಪ್ಪಾಗೇತಿ ಸರ್."

"ಅದಕ್ಕೆ ಮುಂಚೆ ರಜೆ ಇರಲಿಲ್ವಾ?"

"ಮೊದಲನೇ ವಾರ ಏಳೂ ದಿನ ದುಡದಾನ ಸರ್," ಎಂದರು ಗೌಡರು, ತಮಗೆ ತಿಳಿದ ಅಷ್ಟು ಸತ್ಯವನ್ನು ಸೇರಿಸುತ್ತ.

"ಏಳು ದಿನ ದುಡಿಸಿದ್ರಾ?" ಬೆಂಗಳೂರಿನ ಸಾಹೇಬರ ದನಿ ಏರಿತು. "ಮನುಷ್ಯನಿಗೆ ವಾರಕ್ಕೊಂದು ದಿನ ಬಿಡುವು ಬೇಡವೇನ್ರೀ? ಇವತ್ತೇ ಆರ್ಡರ್ ಮಾಡಿ. ಸೋಮವಾರ ಬಂದ್. ರಜೆಯ ದಿನಗಳ ದುಡ್ಡು ಮಾತ್ರ ಹಿಡ್ಕೊಳ್ಳಿ, ಲೆಕ್ಕ ಲೆಕ್ಕವೇ." ಅವರು ಒಂದು ಲೋಟ ನೀರು ಕುಡಿದು, ಸಿದ್ದವ್ವನಿಗೆ ಕೈ ಮುಗಿದು, ಕಾರು ಹತ್ತಿದರು. ಉಪಗ್ರಹದ ಮಾತು ಯಾರೂ ಎತ್ತಲಿಲ್ಲ.

ಕಾರಿನ ಧೂಳು ಇಳಿದ ಮೇಲೆ ಚಿಕ್ಕಸಾಲಗಿಯವರು ಖಾಲಿ ಚಕ್ಕಡಿ ತಿರುಗಿಸಿಕೊಂಡು ಹೋದರು. ಎತ್ತಿನ ಮುಂದೆ ಒಬ್ಬ ಮೇವು ಹಿಡಿದು ನಡೆಯುತ್ತಿದ್ದ. ದುರಸ್ತಿ ಸಾಹೇಬರು ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಂಡರು. ಆಮೇಲೆ ಎದ್ದು ಒಳಗೆ ಹೋಗಿ, ಯಾರೂ ನೋಡುತ್ತಿಲ್ಲವೆಂದು ತಿಳಿದು, ಟಿವಿಯ ಬೆನ್ನಿನ ಮೇಲೆ ಕೈ ಇಟ್ಟು ನೋಡಿದರು. ತಣ್ಣಗಿತ್ತು.

ಟಿವಿ ನಮ್ಮ ಊರಲ್ಲೇ ಉಳಿಯಿತು. ಸಿದ್ದವ್ವ ಠಾಣೆ ಮೆಟ್ಟಿಲು ಹತ್ತಲಿಲ್ಲ. ವಾರಕ್ಕೊಂದು ದಿನ ಪೆಟ್ಟಿಗೆಗೂ ರೇವಪ್ಪನಿಗೂ ಬಿಡುವು ಸಿಕ್ಕಿತು. ರೇವಪ್ಪನಿಗೆ ತಿಂಗಳಿಗೆ ನಾಲ್ಕು ರೂಪಾಯಿ ಕಡಿಮೆಯಾಯಿತು, ರಿಪೇರಿ ಎಂಬ ಹೆಸರೂ ಹೋಯಿತು. ಸೋಮವಾರದ ಪಾಠಗಳಲ್ಲಿ ಏನು ಹೇಳುತ್ತಿದ್ದರೋ, ಅದು ನಮ್ಮ ಊರಿಗೆ ತಿಳಿಯಲೇ ಇಲ್ಲ.